ಮಕ್ಕಳ ಮೊದಲ ಪತ್ತು

ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಬಳಗದ ತಿಂಗಳ ಓದು ಮುಗಿದು ಎಲ್ಲರೂ ಚಹಾದ ಲೋಟ ಹಿಡಿದು ನಿಂತಿದ್ದೆವು. ಡೊಂಬಿವಲಿಯಿಂದ ಬರುವ ಹಿರಿಯ ಗೆಳೆಯರೊಬ್ಬರು ಮಾತ್ರ ಎಂದಿನಂತೆ ಮಾತಿಗೆ ಕೂಡಲಿಲ್ಲ. ಒತ್ತಾಯಿಸಿ ಕೇಳಿದ ಮೇಲೆ ಬಾಯಿಬಿಟ್ಟರು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಅವರ ಮಗಳಿಗೆ ಸ್ನಾತಕೋತ್ತರ ವ್ಯಾಸಂಗಕ್ಕೆ ಸೀಟು ಸಿಕ್ಕಿತ್ತು. ಶಿಕ್ಷಣ ಸಾಲಕ್ಕೆ ಹಾಕಿದ ಅರ್ಜಿ ಮಾತ್ರ ಹಿಂದಕ್ಕೆ ಬಂದಿತ್ತು. ಮಗಳ ಹೆಸರಿನಲ್ಲಿ ಮೂರು ವರ್ಷ ಹಳೆಯದೊಂದು ಸುಸ್ತಿ ಬಾಕಿ ಇದೆ, ಸಿಬಿಲ್ ಅಂಕ ತೀರ ಕೆಳಗಿದೆ ಎಂದು ಬ್ಯಾಂಕಿನವರು ತಿಳಿಸಿದರಂತೆ. ಬಾಕಿಯ ಅಸಲು 740 ರೂಪಾಯಿ.

ಮೊದಲ ವರ್ಷದಲ್ಲಿ ಆ ಹುಡುಗಿ ಮೊಬೈಲಿನ ಒಂದು ಆ್ಯಪಿನಲ್ಲಿ ಏನನ್ನೋ ಕೊಂಡಿದ್ದಳು. ಹಣ ಕೊಡುವ ಹಂತದಲ್ಲಿ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎಂಬ ಗುಂಡಿ ಕಾಣಿಸಿತು, ಒತ್ತಿದಳು. ಎರಡು ತಿಂಗಳ ನಂತರ ಫೋನ್ ನಂಬರು ಬದಲಾಯಿತು. ಕಾಲೇಜಿನ ಹತ್ತಿರದ ಶಾಖೆಯಲ್ಲಿ ಹೊಸ ಖಾತೆ ತೆರೆದದ್ದರಿಂದ ಹಳೆಯ ಖಾತೆ ಖಾಲಿಯಾಯಿತು. ಜ್ಞಾಪಿಸುವ ಸಂದೇಶಗಳು ಹಳೆಯ ನಂಬರಿಗೆ ಹೋಗುತ್ತಲೇ ಇದ್ದವು. ತಾನು ಸಾಲ ಪಡೆದಿದ್ದೇನೆಂಬುದೇ ಅವಳಿಗೆ ತಿಳಿದಿರಲಿಲ್ಲ.

“ನಮ್ಮ ಮನೆತನದಲ್ಲಿ ಯಾರೂ ಸಾಲ ಮಾಡಿದವರಲ್ಲ. ಕ್ರೆಡಿಟ್ ಕಾರ್ಡನ್ನು ಮುಟ್ಟಲೇಬೇಡ ಎಂದು ಹೇಳಿಯೇ ಅವಳನ್ನು ಹಾಸ್ಟೆಲಿಗೆ ಬಿಟ್ಟುಬಂದಿದ್ದೆ. ಅವಳು ನನ್ನ ಮಾತು ಮೀರಲೂ ಇಲ್ಲ,” ಎಂದರು ಗೆಳೆಯರು. ಬಾಕಿ ತೀರಿಸಿ, ದಾಖಲೆ ತಿದ್ದಿಸಿ, ಸಾಲ ಮಂಜೂರಾಗುವುದರೊಳಗೆ ಶುಲ್ಕದ ಕೊನೆಯ ದಿನ ಬಂದುಬಿಟ್ಟಿತು. ಸೀಟು ಉಳಿಸಿಕೊಳ್ಳಲು ಮನೆಯವರ ಬಳೆಗಳನ್ನು ಅಡವಿಟ್ಟು ಹಣ ಕಟ್ಟಿದರು. ಸಾಲವನ್ನೇ ಅರಿಯದ ಮನೆತನದ ಮೊದಲ ಸಾಲ ಹೀಗೆ ಬಂಗಾರದ ಮೇಲಾಯಿತು.

ಅಂದಿನಿಂದ ಈ ವಿಷಯ ನಮ್ಮ ಬಳಗದಲ್ಲಿ ಹಲವು ಸಲ ಚರ್ಚೆಗೆ ಬಂದಿದೆ. ಸಾಹಿತ್ಯ ಬಳಗಕ್ಕೂ ಕ್ರೆಡಿಟ್ ಕಾರ್ಡಿಗೂ ಏನು ನಂಟು ಎಂದು ಕೆಲವರು ಕೇಳಿದ್ದೂ ಉಂಟು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಓದಲು ಮನೆಬಿಟ್ಟು ಹೋಗುವ ಹದಿನೆಂಟು ದಾಟಿದ ಮಕ್ಕಳಿಗೆ ‘ಕಾರ್ಡು ಮುಟ್ಟಬೇಡ’ ಎಂಬ ಒಂದು ವಾಕ್ಯದ ಉಪದೇಶ ಇನ್ನು ಸಾಲದು. ಅವರದೇ ಹೆಸರಿನಲ್ಲಿ, ಅವರದೇ ಠೇವಣಿಯ ಆಧಾರದ ಮೇಲೆ ಒಂದು ಸಣ್ಣ ಕಾರ್ಡನ್ನು ತೆಗೆಸಿಕೊಟ್ಟು, ಮೊದಲ ಒಂದು ವರ್ಷ ಪಕ್ಕದಲ್ಲಿ ಕೂತು ಅದರ ಲೆಕ್ಕ ಕಲಿಸುವುದು ಹಿರಿಯರ ಹೊಣೆ. ಸಾಲದ ಬಗ್ಗೆ ಮನೆಯಲ್ಲಿ ಮೌನವಿದ್ದರೆ, ಅದರ ಪಾಠವನ್ನು ಮಕ್ಕಳು ಸಾಲ ಮಾರುವವರಿಂದಲೇ ಕಲಿಯುತ್ತಾರೆ.

ಕನ್ನಡದಲ್ಲಿ ಈ ಸಂಗತಿಗೆ ಒಳ್ಳೆಯದೊಂದು ಪದವಿದೆ: ಪತ್ತು. ಇಂದು ಅದು ‘ಪತ್ತಿನ ಸಹಕಾರ ಸಂಘ’ ಎಂಬ ಫಲಕಗಳಲ್ಲಷ್ಟೇ ಉಳಿದುಕೊಂಡಂತಿದೆ. ಮಹಾರಾಷ್ಟ್ರದಲ್ಲಿರುವ ನಾವು ‘ಪತಪೇಢಿ’ ಎಂಬ ಮರಾಠಿ ಫಲಕವನ್ನು ದಿನವೂ ನೋಡುತ್ತೇವೆ. ಅಲ್ಲಿರುವುದೂ ಅದೇ ಪದ. ಪತ್ತೆಂದರೆ ಒಬ್ಬನ ಮಾತಿಗೆ ಪೇಟೆಯಲ್ಲಿರುವ ಬೆಲೆ. ಪತ್ತಿದ್ದವನಿಗೆ ಸಾಲ ಹುಟ್ಟುತ್ತಿತ್ತು. ಸಾಲ ಮಾಡಿ ಹೇಳಿದ ದಿನಕ್ಕೆ ತೀರಿಸಿದವನ ಪತ್ತು ಬೆಳೆಯುತ್ತಿತ್ತು. ಸಾಲವೂ ಪತ್ತೂ ಒಂದೇ ಅಲ್ಲವೆಂಬ ತಿಳಿವಳಿಕೆ ನಮ್ಮ ಹಿಂದಿನವರಿಗೆ ಸ್ಪಷ್ಟವಾಗಿಯೇ ಇತ್ತು.

ಅದಕ್ಕೆ ಸಾಕ್ಷಿಗಳನ್ನು ದೂರ ಹುಡುಕಬೇಕಿಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದದ್ದು ಗದಗ ಸೀಮೆಯ ಕಣಗಿನಹಾಳದ ಸಂಘ. ಅಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಆ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅದು ಹುಟ್ಟಿತು. ಬಡ್ಡಿ ವ್ಯಾಪಾರಿಯ ಹಿಡಿತದಿಂದ ರೈತ ಬಿಡಿಸಿಕೊಳ್ಳಬೇಕಾದರೆ ರೈತರು ಒಬ್ಬರಿಗೊಬ್ಬರು ಪತ್ತಾಗಿ ನಿಲ್ಲಬೇಕು ಎಂಬುದು ಅದರ ತಿರುಳು. ಮರುವರ್ಷ, 1906ರಲ್ಲಿ, ಇದೇ ಮುಂಬಯಿ ನಗರದಲ್ಲಿ ಶ್ರೀಪಾದ ಸುಬ್ರಾವ್ ತಲಮಕಿಯವರು ಕೆನರಾ ಕರಾವಳಿಯಿಂದ ವಲಸೆ ಬಂದ ತಮ್ಮ ಸಮುದಾಯದವರಿಗಾಗಿ ಶಾಮರಾವ್ ವಿಠಲ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಊರಿನ ಪರಿಚಯ, ಊರಿನ ಜಾಮೀನು ಎರಡನ್ನೂ ಹಿಂದೆ ಬಿಟ್ಟು ಬಂದ ಸಣ್ಣ ಸಂಬಳದ ನೌಕರರಿಗೆ ಮಹಾನಗರದಲ್ಲಿ ಪತ್ತು ಕೊಟ್ಟ ಸಂಸ್ಥೆಗಳಲ್ಲಿ ಅದೂ ಒಂದು.

ಇನ್ನೊಂದು ನೆನಪು ಉಡುಪಿಯದು. 1925ರಲ್ಲಿ ಅಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆಬಾಗಿಲಿಗೇ ಬಂದು ಪಡೆದು ಬರೆದುಕೊಂಡು ಹೋಗುತ್ತಿದ್ದರು. ಪಿಗ್ಮಿಯವರು ಬರುವ ಹೊತ್ತಿಗೆ ಚಿಲ್ಲರೆ ಎತ್ತಿಡುತ್ತಿದ್ದ ಅಜ್ಜಿಯರನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಆ ಎರಡಾಣೆಯಿಂದ ಕೂಡಿಬಂದ ಹಣ ಚಿಕ್ಕದೇ ಇರಬಹುದು. ಅದರಿಂದ ಬೆಳೆದ ಶಿಸ್ತು ಮತ್ತು ಬ್ಯಾಂಕಿನ ಪುಸ್ತಕದಲ್ಲಿ ಮೂಡಿದ ಹೆಸರು ದೊಡ್ಡವು. ವಿದ್ಯಾರ್ಥಿಯ ಮೊದಲ ಕಾರ್ಡು ಕೂಡ ಇಂಥದೇ ಎರಡಾಣೆಯ ವ್ಯವಹಾರವಾಗಬೇಕು ಎಂಬುದು ನಮ್ಮ ಮಾತು.

ಅಂದಿಗೂ ಇಂದಿಗೂ ಬದಲಾದದ್ದು ಒಂದೇ: ಪತ್ತನ್ನು ಅಳೆಯುವವರು ಯಾರು ಎಂಬುದು. ಆಗ ಅಂಗಡಿಯವನಿಗೆ ನಮ್ಮ ತಂದೆಯ ಮುಖಪರಿಚಯವಿತ್ತು. ಉದ್ರಿ ಪುಸ್ತಕದಲ್ಲಿ ನಮ್ಮ ಮನೆಗೊಂದು ಪುಟವಿತ್ತು. ಈಗ ಆ ಪುಸ್ತಕವನ್ನು ಸಾಲ ಮಾಹಿತಿ ಸಂಸ್ಥೆಗಳು ಬರೆಯುತ್ತವೆ. 2000ದಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಸಿಬಿಲ್ ಇವುಗಳಲ್ಲಿ ಮೊದಲನೆಯದು. ಈಗ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸೇರಿ ಒಟ್ಟು ನಾಲ್ಕಿವೆ. 2005ರ ಕಾಯ್ದೆಯೊಂದು ಇವುಗಳ ಕೆಲಸಕ್ಕೆ ಚೌಕಟ್ಟು ಹಾಕಿದೆ. ನಾವು ಪಡೆದ ಪ್ರತಿಯೊಂದು ಸಾಲ, ಕಟ್ಟಿದ ಅಥವಾ ತಪ್ಪಿಸಿದ ಪ್ರತಿಯೊಂದು ಕಂತು ಅಲ್ಲಿ ದಾಖಲಾಗುತ್ತದೆ. 2025ರ ಜನವರಿಯಲ್ಲಿ, ಬ್ಯಾಂಕುಗಳು ಈ ವಿವರವನ್ನು ಹದಿನೈದು ದಿನಕ್ಕೊಮ್ಮೆ ಕಳಿಸಬೇಕೆಂಬ ನಿಯಮ ಜಾರಿಗೆ ಬಂದಿತ್ತು. ಇದೆಲ್ಲವನ್ನೂ ಅರೆದು ಒಂದು ಅಂಕ ಹೊರಬರುತ್ತದೆ, 300ರಿಂದ 900ರ ನಡುವೆ. ಎಂದೂ ಸಾಲ ಮಾಡದವರ ಸಿಬಿಲ್ ವರದಿಯಲ್ಲಿ ಆ ಅಂಕದ ಜಾಗದಲ್ಲಿ ಕಾಣುವುದು ‘ಎನ್‌ಎಚ್’ ಅಥವಾ ಮೈನಸ್ ಒಂದು. ಇತಿಹಾಸವಿಲ್ಲ ಎಂಬುದು ಅದರ ಅರ್ಥ. ಸಾಲವಿಲ್ಲದ ಬಾಳು ನಮ್ಮ ಹಿರಿಯರಿಗೆ ಹೆಮ್ಮೆಯಾಗಿತ್ತು. ಈ ಪುಸ್ತಕದಲ್ಲಿ ಅದು ಬರಿಯ ಖಾಲಿ ಪುಟ.

ಖಾಲಿ ಪುಟವಿದ್ದರೆ ಏನಾಯಿತು ಎಂದು ಕೇಳಬಹುದು. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. 2025ರಲ್ಲಿ ಕೇಂದ್ರ ಸರ್ಕಾರ ಲೋಕಸಭೆಯಲ್ಲಿಯೂ ಇದನ್ನು ಸ್ಪಷ್ಟಪಡಿಸಿತು. ಅಂಕ ಕಡಿಮೆಯೆಂಬ ಕಾರಣಕ್ಕೆ ವಿದ್ಯಾರ್ಥಿಗೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಇವು ಸ್ವಾಗತಾರ್ಹ. ಆದರೆ ನ್ಯಾಯಾಲಯಕ್ಕೆ ಹೋಗಿ ಗೆಲ್ಲುವಷ್ಟು ಸಮಯ ಕಾಲೇಜು ಶುಲ್ಕದ ಕೊನೆಯ ದಿನಕ್ಕೆ ಇರುವುದಿಲ್ಲ. ಜೊತೆಗೆ, ಕಪ್ಪು ಚುಕ್ಕೆ ಬಿದ್ದ ಪುಟ ಖಾಲಿ ಪುಟಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು. ಬ್ಯಾಂಕ್ ಕೆಲಸವೆಂದರೆ ನಮ್ಮ ಕುಟುಂಬಗಳಲ್ಲಿ ಇಂದಿಗೂ ಗೌರವವಿದೆ. ಸ್ಟೇಟ್ ಬ್ಯಾಂಕಿನ ನೇಮಕಾತಿ ಪ್ರಕಟಣೆಗಳನ್ನು ತೆರೆದು ನೋಡಿ. ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿಯಲ್ಲಿ ಸುಸ್ತಿಯಾದವರು ನೇಮಕಕ್ಕೆ ಅರ್ಹರಲ್ಲ ಎಂಬ ಷರತ್ತು ಅಲ್ಲಿರುತ್ತದೆ. ಇದೇ ಕಾರಣಕ್ಕೆ ರದ್ದಾದ ಒಂದು ನೇಮಕಾತಿಯ ವಿಷಯದಲ್ಲಿ 2025ರಲ್ಲಿ ಮದ್ರಾಸ್ ಹೈಕೋರ್ಟ್ ಬ್ಯಾಂಕಿನ ನಿಲುವನ್ನೇ ಎತ್ತಿಹಿಡಿಯಿತು. ಪರೀಕ್ಷೆ ಬರೆದು ಸಂದರ್ಶನ ಗೆದ್ದ ಮೇಲೂ ಹಳೆಯ ಬಾಕಿಯೊಂದು ಕೆಲಸ ಕಿತ್ತುಕೊಳ್ಳಬಲ್ಲದು ಎಂಬುದನ್ನು ನಾವು ಮಕ್ಕಳಿಗೆ ಹೇಳಿದ್ದೇವೆಯೇ?

‘ಮುಟ್ಟಬೇಡ’ ಎಂಬ ನಿಷೇಧ ಕೆಲಸ ಮಾಡುತ್ತಿದ್ದ ಕಾಲವೊಂದಿತ್ತು. ಆಗ ಸಾಲಕ್ಕೊಂದು ಮುಖವಿತ್ತು. ಸಾಲ ಬೇಕಾದವನು ಒಬ್ಬರ ಮನೆಬಾಗಿಲಿಗೆ ಹೋಗಬೇಕಿತ್ತು, ಕೇಳಬೇಕಿತ್ತು, ಕೇಳುವಾಗ ತಲೆ ತಗ್ಗಿಸಬೇಕಿತ್ತು. ಆ ನಾಚಿಕೆಯೇ ಒಂದು ಬೇಲಿಯಾಗಿತ್ತು. ಇಂದು ಬೇಲಿ ಕಿತ್ತುಹೋಗಿದೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶವಾಗಿದೆ. ತರಕಾರಿಯವರ ಗಾಡಿಗೆ ಅಂಟಿಸಿದ ಕ್ಯೂಆರ್ ಚೀಟಿಗೆ ಫೋನು ಹಿಡಿದಾಗ ಹೋಗುವುದು ಉಳಿತಾಯದ ಹಣವೋ ಸಾಲದ ಹಣವೋ ಎಂಬುದು ಪರದೆಯ ಮೇಲಿನ ಒಂದು ಸಣ್ಣ ಸಾಲಿನಿಂದಷ್ಟೇ ಗೊತ್ತಾಗುತ್ತದೆ. ಆಹಾರ ತರಿಸುವ, ಬಟ್ಟೆ ಕೊಳ್ಳುವ, ರೈಲು ಟಿಕೆಟ್ ತೆಗೆಸುವ ಆ್ಯಪುಗಳಲ್ಲೆಲ್ಲ ‘ಆಮೇಲೆ ಕೊಡಿ’ ಎಂಬ ಆಮಂತ್ರಣವಿದೆ. ಇವುಗಳ ಹಿಂದೆ ಬ್ಯಾಂಕೋ ಹಣಕಾಸು ಕಂಪನಿಯೋ ಇರುತ್ತದೆ. ಇವು ಸಾಲಗಳೇ, ವರದಿಯಲ್ಲಿ ದಾಖಲಾಗುವಂಥವೇ. ಕಾರ್ಡು ಮುಟ್ಟದ ಹುಡುಗಿ ಸಾಲಗಾರಳಾದದ್ದು ಹೀಗೆ. ಅವಳ ತಂದೆಯ ಎಚ್ಚರಿಕೆ ಮೂವತ್ತು ವರ್ಷ ಹಿಂದಿನ ಅಪಾಯಕ್ಕೆ ತಕ್ಕದ್ದಾಗಿತ್ತು.

ಇದಕ್ಕೆ ಎದುರು ತುದಿಯ ತಪ್ಪೂ ನಮ್ಮಲ್ಲಿದೆ. ಅನುಕೂಲಸ್ಥ ತಂದೆತಾಯಿ ತಮ್ಮ ಕಾರ್ಡಿಗೆ ಸೇರಿಸಿದ ಆಡ್-ಆನ್ ಕಾರ್ಡೊಂದನ್ನು ಮಗನ ಕೈಗಿತ್ತು ನಿಶ್ಚಿಂತರಾಗುತ್ತಾರೆ. ಬಿಲ್ಲು ಮನೆಗೆ ಬರುತ್ತದೆ, ಅಪ್ಪ ಕಟ್ಟುತ್ತಾರೆ. ಮಗ ಕಲಿಯುವುದು ಖರ್ಚು ಮಾಡುವುದನ್ನು ಮಾತ್ರ. ಆ ಕಾರ್ಡಿನ ವ್ಯವಹಾರವೆಲ್ಲ ಮೂಲ ಖಾತೆದಾರರ ಹೆಸರಿಗೇ ಸೇರುವುದರಿಂದ ಮಗನ ಪುಟ ಖಾಲಿಯೇ ಉಳಿಯುತ್ತದೆ. ನಾಲ್ಕು ವರ್ಷ ಕಾರ್ಡು ಉಜ್ಜಿದ ಮೇಲೂ ಅವನಿಗೆ ಪತ್ತಿಲ್ಲ, ಲೆಕ್ಕವೂ ಗೊತ್ತಿಲ್ಲ. ಡೆಬಿಟ್ ಕಾರ್ಡಿನಿಂದ ಅಂಕ ಬೆಳೆಯುತ್ತದೆಂದು ನಂಬಿದವರೂ ಇದ್ದಾರೆ. ಅದು ನಮ್ಮದೇ ಹಣ. ನಮ್ಮ ಹಣವನ್ನು ನಾವು ಖರ್ಚು ಮಾಡಿದರೆ ಯಾರ ಋಣವೂ ಇಲ್ಲ, ಯಾರ ಪುಸ್ತಕದಲ್ಲಿಯೂ ಬರಹವಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಸಂಬಳವಿಲ್ಲದ ವಿದ್ಯಾರ್ಥಿಗೆ ಸಾಮಾನ್ಯ ಕಾರ್ಡು ಸಿಗುವುದು ಕಷ್ಟ, ಸಿಗದಿರುವುದೇ ಮೇಲು. ಹಲವು ಬ್ಯಾಂಕುಗಳು ನಿಶ್ಚಿತ ಠೇವಣಿಯ ಆಧಾರದ ಮೇಲೆ ಕಾರ್ಡು ಕೊಡುತ್ತವೆ. ಹದಿನೆಂಟು ತುಂಬಿರಬೇಕು, ಪ್ಯಾನ್ ಬೇಕು, ಅವರದೇ ಹೆಸರಿನಲ್ಲಿ ಒಂದು ಎಫ್‌ಡಿ ಬೇಕು. ಹದಿನೈದು ಸಾವಿರದ ಠೇವಣಿ ಇಟ್ಟರೆ ಹನ್ನೆರಡು ಹದಿಮೂರು ಸಾವಿರದ ಆಸುಪಾಸಿನ ಮಿತಿಯ ಕಾರ್ಡು ಬರುತ್ತದೆ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ವಾರ್ಷಿಕ ಶುಲ್ಕವಿಲ್ಲದ ಕಾರ್ಡನ್ನೇ ಆರಿಸಿಕೊಳ್ಳಬೇಕು. ನಮ್ಮ ದೃಷ್ಟಿಯಲ್ಲಿ ಇದರ ದೊಡ್ಡ ಗುಣವೆಂದರೆ ಮಿತಿ. ತಪ್ಪಾದರೂ ಅದು ಠೇವಣಿಯ ಅಂಚಿನೊಳಗಿನ ತಪ್ಪು, ಮನೆ ಮುಳುಗುವುದಿಲ್ಲ. ಆದರೆ ಠೇವಣಿ ಇದೆಯಲ್ಲ, ಬ್ಯಾಂಕಿನವರೇ ಹಿಡಿದುಕೊಳ್ಳಲಿ ಎಂಬ ಉಡಾಫೆ ಸಲ್ಲದು. ಬ್ಯಾಂಕು ತನ್ನ ಹಣವನ್ನು ಠೇವಣಿಯಿಂದ ವಸೂಲು ಮಾಡಿಕೊಂಡರೂ ಗಡುವು ತಪ್ಪಿದ ದಾಖಲೆ ವರದಿಯಲ್ಲಿ ಉಳಿಯುತ್ತದೆ.

ಕಾರ್ಡು ಕೈಗೆ ಬಂದ ಮೇಲೆ ಒಂದೆರಡು ಖರ್ಚನ್ನು ಮಾತ್ರ ಅದಕ್ಕೆ ಗೊತ್ತುಮಾಡಬೇಕು: ಮೊಬೈಲ್ ರಿಚಾರ್ಜು, ಬಸ್ಸಿನ ಪಾಸು, ಪುಸ್ತಕ. ಹೇಗೂ ಮಾಡಲೇಬೇಕಾದ, ಕೈಯಲ್ಲಿ ಹಣವೂ ಇರುವ ಖರ್ಚುಗಳವು. ಮಿತಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬಳಸದಿರುವುದು ವಾಡಿಕೆಯ ಎಚ್ಚರ. ಮಿತಿಯನ್ನು ಪ್ರತಿ ತಿಂಗಳೂ ಅಂಚಿನವರೆಗೆ ಬಳಸುವವನು ಹಣದ ಅಡಚಣೆಯಲ್ಲಿದ್ದಾನೆಂದು ಲೆಕ್ಕ ಹಾಕುವವರು ಭಾವಿಸುತ್ತಾರೆ. ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆಯುವುದು ಸಲ್ಲದೇ ಸಲ್ಲದು. ಅದಕ್ಕೆ ಶುಲ್ಕವಿದೆ, ತೆಗೆದ ದಿನದಿಂದಲೇ ಬಡ್ಡಿಯಿದೆ. ಒಂದು ತಿರಸ್ಕಾರವಾಯಿತೆಂದು ಇನ್ನೂ ನಾಲ್ಕು ಕಡೆ ಅರ್ಜಿ ಹಾಕಬಾರದು. ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ಗುರುತಾಗುತ್ತದೆ.

ಎರಡು ದಿನಾಂಕಗಳನ್ನು ಬಾಯಿಪಾಠ ಮಾಡಿಸಬೇಕು: ಬಿಲ್ಲಿನ ದಿನ, ಗಡುವಿನ ದಿನ. ಬಿಲ್ಲು ಪ್ರತಿ ತಿಂಗಳ 5ಕ್ಕೆ, ಗಡುವು 25ಕ್ಕೆ ಎಂದುಕೊಳ್ಳೋಣ. 6ನೆಯ ತಾರೀಖು ಕೊಂಡದ್ದು ಮುಂದಿನ ತಿಂಗಳ ಬಿಲ್ಲಿಗೆ ಸೇರುವುದರಿಂದ ಹಣ ಕೊಡಲು ಸುಮಾರು ಐವತ್ತು ದಿನ ಸಿಗುತ್ತದೆ. 4ನೆಯ ತಾರೀಖು ಕೊಂಡದ್ದಕ್ಕೆ 21 ದಿನ ಮಾತ್ರ. ಈ ಅವಧಿಗೆ ಬಡ್ಡಿಯಿಲ್ಲ, ಪೂರ್ತಿ ಬಾಕಿಯನ್ನು ಗಡುವಿನೊಳಗೆ ಕಟ್ಟುವವರಿಗೆ ಮಾತ್ರ. ಒಂದಿಷ್ಟು ಉಳಿಸಿಕೊಂಡರೆ ಹೊಸ ಖರೀದಿಗಳಿಗೂ ಕೊಂಡ ದಿನದಿಂದಲೇ ಬಡ್ಡಿ ಹತ್ತುತ್ತದೆ.

ಬಿಲ್ಲಿನ ಮೇಲೆ ‘ಕನಿಷ್ಠ ಪಾವತಿ’ ಎಂಬ ಸಣ್ಣ ಮೊತ್ತವೊಂದಿರುತ್ತದೆ. ಅದನ್ನು ಕಟ್ಟಿದರೆ ಸಾಕೆಂದು ನಂಬಿ ಮುಳುಗಿದವರು ಬಹಳ. ಅದರ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆಯಾದರೂ ಮಾಡಿಸಬೇಕು. 20,000 ರೂಪಾಯಿ ಬಾಕಿ, ತಿಂಗಳಿಗೆ ಶೇಕಡಾ 3.5 ಬಡ್ಡಿ ಎಂದಿಟ್ಟುಕೊಳ್ಳೋಣ. ಒಂದು ತಿಂಗಳಿಗೆ ಬಡ್ಡಿ 700 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 126 ರೂಪಾಯಿ, ಒಟ್ಟು 826. ಕನಿಷ್ಠ ಪಾವತಿ ಶೇಕಡಾ 5ರಂತೆ 1,000 ರೂಪಾಯಿ ಕಟ್ಟಿದರೆ ಅಸಲಿನಲ್ಲಿ ಇಳಿಯುವುದು 174 ರೂಪಾಯಿ. ಸಾವಿರ ಕಟ್ಟಿಯೂ ಸಾಲ ಹಾಗೆಯೇ ಕೂತಿರುತ್ತದೆ. ತಿಂಗಳಿಗೆ ಮೂರೂವರೆ ಎಂದರೆ ವರ್ಷಕ್ಕೆ ನಲವತ್ತೆರಡು. ಶೇಕಡಾ 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ತಳ್ಳಿಹಾಕಿತು. ಆದ್ದರಿಂದ ಇಲ್ಲಿ ನಮ್ಮನ್ನು ಕಾಯುವ ತಡೆ ನಾವೇ ಹಾಕಿಕೊಂಡದ್ದು ಮಾತ್ರ. ಪೂರ್ತಿ ಕಟ್ಟಲಾಗದ ತಿಂಗಳು ಕಾರ್ಡು ಪೆಟ್ಟಿಗೆಯೊಳಗಿರಬೇಕು ಎಂಬುದೇ ಆ ತಡೆ.

ಹಕ್ಕುಗಳೂ ಇವೆ, ಅವನ್ನೂ ಕಲಿಸಬೇಕು. ಕೇಳದೆ ಕಾರ್ಡು ಕಳಿಸುವಂತಿಲ್ಲ. ಬಾಕಿ ತೀರಿಸಿದವರು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ದಂಡ ತೆರಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಹೇಳುತ್ತವೆ. ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ ತಪ್ಪು ಕಂಡು ದೂರು ಕೊಟ್ಟರೆ 30 ದಿನಗಳೊಳಗೆ ಸರಿಪಡಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವಿದೆ. ನಮ್ಮ ಗೆಳೆಯರ ಮಗಳು ವರ್ಷಕ್ಕೊಮ್ಮೆ ತನ್ನ ವರದಿಯನ್ನು ತೆಗೆದು ನೋಡಿದ್ದರೆ ಆ 740 ರೂಪಾಯಿ ಎರಡು ವರ್ಷ ಮೊದಲೇ ಕಣ್ಣಿಗೆ ಬೀಳುತ್ತಿತ್ತು. ತಂದೆಯವರೂ ತಮ್ಮ ವರದಿಯನ್ನು ನೋಡಿಕೊಳ್ಳುವುದು ಒಳಿತು. ಶಿಕ್ಷಣ ಸಾಲದಲ್ಲಿ ತಂದೆತಾಯಿ ಸಹ-ಸಾಲಗಾರರಾಗುವುದರಿಂದ ಅವರ ಪತ್ತನ್ನೂ ಬ್ಯಾಂಕು ಪರಿಶೀಲಿಸುತ್ತದೆ. ಊರಿನ ಜಮೀನಿನ ಮೇಲಿನ ಹಳೆಯ ಸಾಲವನ್ನು ಒಂದಿಷ್ಟು ಬಿಡಿಸಿಕೊಂಡು ಇತ್ಯರ್ಥ ಮಾಡಿಕೊಂಡಿದ್ದರೆ, ಅದು ಪೂರ್ತಿ ತೀರಿದ ಸಾಲವೆಂದು ನಮೂದಾಗುವುದಿಲ್ಲ. ‘ಸೆಟಲ್ಡ್’ ಎಂಬ ಪದವೊಂದು ಅಲ್ಲಿ ಕೂತಿರುತ್ತದೆ. ಮಗಳ ಅರ್ಜಿಯ ದಿನ ಅದು ಎದ್ದು ಕಾಣುತ್ತದೆ.

ನಮ್ಮ ಮಾತಿಗೆ ಬಳಗದಲ್ಲಿ ಎರಡು ಗಟ್ಟಿ ಆಕ್ಷೇಪಗಳು ಬಂದವು. ಮೊದಲನೆಯದು ಹಿರಿಯರದು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ಕಲಿಸಿದ ಸಂಸ್ಕೃತಿ ನಮ್ಮದು. ಸರ್ವಜ್ಞ ಸಾಲದ ಬಗ್ಗೆ ಹೇಳಿದ್ದು ಹಳ್ಳಿಯ ಮಕ್ಕಳಿಗೂ ಬಾಯಿಗೆ ಬರುತ್ತದೆ. ನೀವು ಎಳೆಯರಿಗೆ ಸಾಲದ ರುಚಿ ಹತ್ತಿಸುತ್ತೀರಾ ಎಂದರು. ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸಾಲದಿಂದ ಮನೆ ಮಾರಿದವರನ್ನು, ಊರು ಬಿಟ್ಟವರನ್ನು ಬಲ್ಲ ತಲೆಮಾರಿನ ಮಾತದು. ನಮ್ಮ ಉತ್ತರ ಇಷ್ಟೇ: ಹಾಸಿಗೆ ಎಷ್ಟುದ್ದ ಎಂದು ಅಳೆಯಲು ಕಲಿಯದವನಿಗೆ ಆ ಗಾದೆಯಿಂದ ಪ್ರಯೋಜನವಿಲ್ಲ. ಹನ್ನೆರಡು ಸಾವಿರದ ಮಿತಿಯೊಳಗೆ ಹತ್ತೊಂಬತ್ತರ ವಯಸ್ಸಿನಲ್ಲಿ ಅಳೆಯಲು ಕಲಿಯುವುದು, ಐದು ಲಕ್ಷದ ಮಿತಿಯೊಳಗೆ ಇಪ್ಪತ್ತೈದರ ವಯಸ್ಸಿನಲ್ಲಿ ಕಲಿಯುವುದಕ್ಕಿಂತ ಅಗ್ಗ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಕಾರ್ಡು ಮಾರುವವರು ಫೋನು ಮಾಡುತ್ತಾರೆ. ಆಗ ನಾವು ಪಕ್ಕದಲ್ಲಿರುವುದಿಲ್ಲ. ಆದರೂ ಒಂದು ಮಾತು ಒಪ್ಪುತ್ತೇವೆ. ಕೈಯಲ್ಲಿದ್ದ ಹಣವನ್ನೇ ಹಿಡಿದಿಡಲಾಗದ ಮಕ್ಕಳೂ ಇದ್ದಾರೆ. ಮಗನ ಸ್ವಭಾವ ತಾಯಿಗೆ ಗೊತ್ತಿರುತ್ತದೆ. ಅಂಥವರಿಗೆ ಕಾರ್ಡು ಎರಡು ವರ್ಷ ತಡವಾದರೆ ನಷ್ಟವೇನಿಲ್ಲ. ಲೆಕ್ಕದ ಪಾಠ ಮಾತ್ರ ತಡವಾಗಬಾರದು.

ಎರಡನೆಯ ಆಕ್ಷೇಪ ಕಿರಿಯರದು. ಮನುಷ್ಯನ ನಂಬಿಕೆಯನ್ನು ಮೂರಂಕಿಯ ಸಂಖ್ಯೆಯಾಗಿಸಿದ ಈ ವ್ಯವಸ್ಥೆಯೇ ಅನ್ಯಾಯದ್ದು. ಸಾಲ ಮಾಡದೆ ಬದುಕಿದವನನ್ನು ಅನುಮಾನಿಸುವ ಲೆಕ್ಕಕ್ಕೆ ನಾವೇಕೆ ತಲೆಬಾಗಬೇಕು ಎಂದು ಒಬ್ಬ ಯುವಕ ಕೇಳಿದ. ಅವನ ಮಾತಿನಲ್ಲಿ ಸತ್ಯವಿದೆ. ಅಂಗಡಿಯ ಯಜಮಾನನಿಗೆ ‘ಈ ಸಲ ಬೆಳೆ ಕೈಕೊಟ್ಟಿತು, ಒಂದು ತಿಂಗಳು ತಾಳಿ’ ಎಂದು ಹೇಳಬಹುದಿತ್ತು. ಅಂಕಕ್ಕೆ ಕಿವಿಯಿಲ್ಲ. ತಾಯಿಯ ಕಾಯಿಲೆಯಲ್ಲಿ ತಪ್ಪಿದ ಕಂತೂ ಮೋಜಿನಲ್ಲಿ ತಪ್ಪಿದ ಕಂತೂ ಅದಕ್ಕೆ ಒಂದೇ. ಈ ವ್ಯವಸ್ಥೆಯನ್ನು ಪ್ರಶ್ನಿಸಬೇಕು, ನಿಜ. ಆದರೆ ಹಳೆಯ ಉದ್ರಿ ಪುಸ್ತಕವೂ ನಿಷ್ಪಕ್ಷಪಾತಿಯಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಅದರಲ್ಲಿ ಪುಟ ಸಿಗುತ್ತಿದ್ದದ್ದು ಜಾತಿ, ಮನೆತನ, ಜಮೀನು ನೋಡಿಯೇ. ಯಾವ ಯಜಮಾನನೂ ಪುಟ ತೆರೆಯದ ಮನೆಗಳು ಪ್ರತಿ ಊರಿನಲ್ಲಿಯೂ ಇದ್ದವು. ಆ ಮನೆಯ ಹುಡುಗಿ ಇಂದು ಹದಿನೈದು ಸಾವಿರದ ಠೇವಣಿಯಿಟ್ಟು, ಯಾರ ಶಿಫಾರಸೂ ಇಲ್ಲದೆ, ತನ್ನ ಹೆಸರಿನಲ್ಲೊಂದು ಪುಟ ತೆರೆಯಬಲ್ಲಳು. ಹೊಸ ವ್ಯವಸ್ಥೆಯ ಕೊರತೆಗಳ ಬಗ್ಗೆ ಮಾತನಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ, ಹೊರನಾಡಿನಲ್ಲಿರುವ ನಮ್ಮಂಥ ಬಳಗಗಳ ಮಾತು. ನಾವು ಮೂರು ನಾಲ್ಕು ತಲೆಮಾರುಗಳಿಂದ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಇದ್ದೇವೆ. ಈಗ ನಮ್ಮ ಊರುಗಳಿಂದ ಓದಲು ಬರುವ ಮಕ್ಕಳಿಗೆ ಈ ನಗರಗಳಲ್ಲಿ ಗುರುತಿನವರಿಲ್ಲ. ಒಂದು ಕಾಲದಲ್ಲಿ ಹೊಸದಾಗಿ ಬಂದ ಹುಡುಗನನ್ನು ಹೋಟೆಲಿನ ಮಾಲೀಕರೊಬ್ಬರು ಕೆಲಸಕ್ಕಿಟ್ಟುಕೊಂಡು ರಾತ್ರಿ ಶಾಲೆಗೆ ಕಳಿಸುತ್ತಿದ್ದರು. ಊರಿನವನೊಬ್ಬ ಜಾಮೀನು ನಿಲ್ಲುತ್ತಿದ್ದ. ಆ ಆಸರೆ ಇಂದಿಲ್ಲ. ಬ್ಯಾಂಕಿನ ಕರಾರುಪತ್ರ ಹತ್ತಾರು ಪುಟಗಳ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದದೆಯೇ ‘ಒಪ್ಪಿದ್ದೇನೆ’ ಎಂದು ಒತ್ತುವುದನ್ನು ನಮ್ಮ ಮಕ್ಕಳು ಕಲಿತಿದ್ದಾರೆ. ನಮ್ಮ ಬಳಗಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿಗೆ ಕೊರತೆಯಿಲ್ಲ. ಜೀವಮಾನವಿಡೀ ಲೆಡ್ಜರು ನೋಡಿದ ಕಣ್ಣುಗಳವು. ಪ್ರತಿ ವರ್ಷ ಕಾಲೇಜು ತೆರೆಯುವ ಹೊತ್ತಿಗೆ ಅವರಲ್ಲಿ ಒಬ್ಬರು ಅರ್ಧ ದಿನ ಕೂತು, ಒಂದು ನಿಜವಾದ ಬಿಲ್ಲನ್ನೂ ಒಂದು ನಿಜವಾದ ವರದಿಯನ್ನೂ ಮುಂದಿಟ್ಟು, ಕನ್ನಡದಲ್ಲಿ ವಿವರಿಸಿದರೆ ಅದು ಕವಿಗೋಷ್ಠಿಗಿಂತ ಕಡಿಮೆಯ ಕನ್ನಡದ ಕೆಲಸವಲ್ಲ. ಅಸಲು, ಬಡ್ಡಿ, ಗಡುವು, ಜಾಮೀನು, ಸುಸ್ತಿ, ಪತ್ತು: ಇವೆಲ್ಲ ಕನ್ನಡದಲ್ಲಿ ಬಹುಕಾಲ ಬಾಳಿದ ಪದಗಳು. ಮಕ್ಕಳಿಗೆ ಇವುಗಳ ಅರ್ಥವನ್ನು ಮೊದಲು ಹೇಳುವವರು ವಸೂಲಿಗೆ ಫೋನು ಮಾಡುವವರಾಗಬಾರದು.

ನಮ್ಮ ಬಳಗ ಈ ಜೂನ್ ತಿಂಗಳ ಓದನ್ನು ಇದಕ್ಕೆಂದೇ ಮೀಸಲಿಟ್ಟಿದೆ. ಡೊಂಬಿವಲಿಯ ಗೆಳೆಯರ ಮಗಳು ಬರುತ್ತೇನೆಂದು ಒಪ್ಪಿದ್ದಾಳೆ. ಶಿಕ್ಷಣ ಸಾಲ ಆಮೇಲೆ ಮಂಜೂರಾಯಿತು, ಬಳೆಗಳೂ ಮನೆಗೆ ಬಂದವು. ಅವಳ ಹೆಸರಿನಲ್ಲಿ ಈಗ ಠೇವಣಿಯ ಮೇಲಿನ ಒಂದು ಕಾರ್ಡಿದೆ. ತಿಂಗಳಿಗೆ ಎಂಟುನೂರು, ಸಾವಿರ ಖರ್ಚು, ಗಡುವಿಗೆ ವಾರ ಮೊದಲೇ ಪೂರ್ತಿ ಪಾವತಿ. ತಂದೆ ಅದನ್ನು ಇನ್ನೂ ಸಂಶಯದಿಂದಲೇ ನೋಡುತ್ತಾರೆ. ಆದರೆ ಬಿಲ್ಲು ಬಂದ ದಿನ ಕನ್ನಡಕ ಹಾಕಿಕೊಂಡು ಮಗಳ ಜೊತೆ ಕೂತು, ಒಂದೊಂದು ಸಾಲನ್ನೂ ಓದುತ್ತಾರಂತೆ.